ನಾಣ್ಯಕ್ಕೆ ಹೊಣೆ ಯಾರು? ಶ್ರೀಲಂಕಾದ ಎರಡು ಸಾವಿರ ವರ್ಷಗಳ ಚಲಾವಣೆ

ಹಳೆಯ ನಾಣ್ಯವೊಂದು ಕೈಗೆ ಸಿಕ್ಕಾಗ ಅದು ಯಾವ ಅರಸನದು, ಯಾವ ಕಾಲದ್ದು ಎಂದು ಕೇಳುವುದು ವಾಡಿಕೆ. ಶ್ರೀಲಂಕಾದ ನಾಣ್ಯಗಳ ವಿಷಯದಲ್ಲಿ ನಾನು ಬೇರೊಂದು ಪ್ರಶ್ನೆಯಿಂದ ಹೊರಡುತ್ತೇನೆ. ಈ ಲೋಹದ ತುಂಡು ಇಷ್ಟು ತೂಗುತ್ತದೆ, ಇದರಲ್ಲಿ ಕಲಬೆರಕೆಯಿಲ್ಲ, ನಾಳೆಯೂ ಇದು ನಡೆಯುತ್ತದೆ ಎಂದು ಭರವಸೆ ಕೊಟ್ಟವರು ಯಾರು? ಅರಸ ಎಂಬ ಉತ್ತರ ನಮಗೆ ಸುಲಭವಾಗಿ ಹೊಳೆಯುತ್ತದೆ. ಆದರೆ ಆ ದ್ವೀಪದ ಇತಿಹಾಸದಲ್ಲಿ ಆ ಉತ್ತರ ಸರಿಹೊಂದುವ ಕಾಲಾವಧಿಗಳು ನಾವು ಎಣಿಸುವುದಕ್ಕಿಂತ ಬಹಳ ಕಡಿಮೆ.

ಇದಕ್ಕೊಂದು ಭೌಗೋಳಿಕ ಕಾರಣವಿದೆ. ಪೂರ್ವ ಭಾಗದ ಸೇರುವಿಲದಲ್ಲಿ ತಾಮ್ರದ ಅದಿರು ಇದೆಯಾದರೂ ನಾಣ್ಯಕ್ಕೆ ಬೇಕಾದ ಬೆಳ್ಳಿ ಆ ದ್ವೀಪದಲ್ಲಿ ಸಿಗುವ ಲೋಹವಲ್ಲ; ಅದು ಮುತ್ತು, ರತ್ನ, ಆನೆ, ಮುಂದಿನ ಕಾಲದಲ್ಲಿ ದಾಲ್ಚಿನ್ನಿ, ಇವುಗಳಿಗೆ ಬದಲಾಗಿ ಕಡಲು ದಾಟಿ ಬಂದದ್ದು. ಹೀಗಾಗಿ ಅಲ್ಲಿಯ ಜನರು ಮೊದಲು ಕಂಡ ಹಣ ಪರರ ಹಣ. ಅದನ್ನು ಒಪ್ಪಬೇಕೇ ಬೇಡವೇ ಎಂಬ ತೀರ್ಮಾನವನ್ನು ಅವರು ತಾವೇ ಮಾಡಿಕೊಳ್ಳಬೇಕಾಯಿತು.

ಮೊದಲು ಬಂದವು ಭಾರತದ ಮುದ್ರಾಂಕಿತ ಬೆಳ್ಳಿ ನಾಣ್ಯಗಳು, ಪಾಲಿ ಗ್ರಂಥಗಳು ಕಹಾಪಣ ಎನ್ನುವ ಕಾರ್ಷಾಪಣಗಳು. ಬೆಳ್ಳಿಯ ತಗಡನ್ನು ಕತ್ತರಿಸಿ, ತೂಕ ಸರಿಹೊಂದುವವರೆಗೆ ಮೂಲೆಗಳನ್ನು ಕೊಯ್ದು, ಸೂರ್ಯ, ಚಕ್ರ, ಬೆಟ್ಟ, ಪ್ರಾಣಿ ಮೊದಲಾದ ಚಿಹ್ನೆಗಳನ್ನು ಒಂದೊಂದಾಗಿ ಒತ್ತಿದ ತುಂಡುಗಳು ಅವು. ತೂಕ ಸುಮಾರು ಮೂರೂವರೆ ಗ್ರಾಂ. ಅವುಗಳ ಮೇಲೆ ಅರಸನ ಹೆಸರಿಲ್ಲ, ಬರಹವೇ ಇಲ್ಲ. ಕೈಯಿಂದ ಕೈಗೆ ಹೋಗುವಾಗ ಪರೀಕ್ಷಿಸಿದವರು ಒತ್ತಿದ ಸಣ್ಣ ಸಣ್ಣ ಗುರುತುಗಳು ಹಿಂಬದಿಯಲ್ಲಿ ಸೇರುತ್ತ ಹೋಗಿವೆ. ಇಲ್ಲಿ ಹೊಣೆ ಹೊತ್ತವರು ಚಿನಿವಾರರು, ವರ್ತಕರು. ಅನುರಾಧಪುರದಲ್ಲಿಯೂ ದ್ವೀಪದ ಇತರ ಕಡೆಗಳಲ್ಲಿಯೂ ಸಿಕ್ಕ ಇಂಥ ನಾಣ್ಯಗಳಲ್ಲಿ ಬಹಳಷ್ಟು ಸವೆದು ನುಣುಪಾಗಿರುವುದು ಅವು ದೀರ್ಘಕಾಲ ಚಲಾವಣೆಯಲ್ಲಿದ್ದವೆಂಬುದಕ್ಕೆ ಸಾಕ್ಷಿ.

ಇವುಗಳ ಜೊತೆಜೊತೆಗೆ ದ್ವೀಪದ ಸ್ವಂತ ತಯಾರಿಕೆಯೂ ಶುರುವಾಯಿತು. ಒಂದು ಬದಿಗೆ ಆನೆ, ಇನ್ನೊಂದು ಬದಿಗೆ ಕಟಾಂಜನದೊಳಗೆ ನೆಟ್ಟ ಸ್ವಸ್ತಿಕವಿರುವ ತಾಮ್ರದ ನಾಣ್ಯಗಳು ಒಂದು ಬಗೆ. ಉದ್ದನೆಯ ಆಯತಾಕಾರದ ಫಲಕದ ಮೇಲೆ ಎರಡು ಆನೆಗಳ ನಡುವೆ ನಿಂತ ಗಜಲಕ್ಷ್ಮಿಯಿರುವ, ವಿದ್ವಾಂಸರು ಲಕ್ಷ್ಮೀ ಫಲಕವೆಂದು ಕರೆಯುವ ತುಂಡುಗಳು ಇನ್ನೊಂದು ಬಗೆ. ನನಗೆ ಅತ್ಯಂತ ಮುಖ್ಯವಾಗಿ ಕಾಣುವುದು ಮೂರನೆಯ ಬಗೆ. ದಕ್ಷಿಣದ ರುಹುಣು ಪ್ರಾಂತದಲ್ಲಿ, ತಿಸ್ಸಮಹಾರಾಮದ ಬಳಿಯ ಅಕುರುಗೊಡದಲ್ಲಿ ಸಿಕ್ಕ ಸೀಸದ ನಾಣ್ಯಗಳ ಮೇಲೆ ಬ್ರಾಹ್ಮೀ ಲಿಪಿಯ ಹೆಸರುಗಳಿವೆ. ಅವು ಅರಸರ ಹೆಸರುಗಳಲ್ಲ. ಗೃಹಪತಿಗಳದೋ ವರ್ತಕರದೋ ಎಂದು ತೋರುವ ಹೆಸರುಗಳು. ಕೆಲವು ಪ್ರಾಕೃತದಲ್ಲಿವೆ, ಕೆಲವು ತಮಿಳಿನಲ್ಲಿವೆ. ಎರಡು ಭಾಷೆಗಳನ್ನಾಡುವ ಜನ ಒಂದೇ ಪೇಟೆಯಲ್ಲಿ ಒಂದೇ ಲೋಹದಲ್ಲಿ ತಮ್ಮ ತಮ್ಮ ಹೆಸರು ಮುದ್ರಿಸಿ ಚಲಾವಣೆಗೆ ಬಿಟ್ಟಿದ್ದರು ಎಂಬುದನ್ನು ದಯವಿಟ್ಟು ಗಮನದಲ್ಲಿಡಿ. ಆ ನೆಲದ ಇತ್ತೀಚಿನ ಚರಿತ್ರೆಯನ್ನು ಬಲ್ಲ ಯಾರಿಗೂ ಇದು ಬರೀ ನಾಣ್ಯಶಾಸ್ತ್ರದ ವಿವರವಾಗಿ ಉಳಿಯುವುದಿಲ್ಲ.

ರೋಮನ್ ನಾಣ್ಯಗಳ ವಿಚಾರಕ್ಕೆ ಬಂದರೆ ನಮ್ಮ ಮುಂದೆ ಎರಡು ಪ್ರಸಿದ್ಧ ಕಥೆಗಳಿವೆ. ಮೊದಲನೆಯದನ್ನು ಹೇಳಿದವನು ಒಂದನೇ ಶತಮಾನದ ರೋಮನ್ ಲೇಖಕ ಪ್ಲಿನಿ. ಆನಿಯಸ್ ಪ್ಲೊಕಾಮಸ್ ಎಂಬ ತೆರಿಗೆ ಗುತ್ತಿಗೆದಾರನ ಕೆಳಗಿನವನೊಬ್ಬ ಗಾಳಿಗೆ ಸಿಕ್ಕಿ ದ್ವೀಪಕ್ಕೆ ಬಂದು ತಲುಪಿದನಂತೆ. ಅವನ ಬಳಿಯಿದ್ದ ದಿನಾರಿಯಸ್ ನಾಣ್ಯಗಳ ಮೇಲೆ ಬೇರೆ ಬೇರೆ ಚಕ್ರವರ್ತಿಗಳ ತಲೆಗಳಿದ್ದರೂ ತೂಕ ಮಾತ್ರ ಒಂದೇ ಆಗಿರುವುದನ್ನು ಕಂಡ ಅಲ್ಲಿಯ ಅರಸ ರೋಮನರ ಪ್ರಾಮಾಣಿಕತೆಯನ್ನು ಮೆಚ್ಚಿ ರಾಯಭಾರಿಗಳನ್ನು ಕಳಿಸಿದನಂತೆ. ಎರಡನೆಯದು ಆರನೇ ಶತಮಾನದ ಗ್ರೀಕ್ ಲೇಖಕ ಕಾಸ್ಮಸ್ ಹೇಳುವ ಕಥೆ. ಸೊಪಾಟ್ರಸ್ ಎಂಬ ವರ್ತಕನೂ ಒಬ್ಬ ಪರ್ಷಿಯದವನೂ ಅರಸನೆದುರು ತಮ್ಮ ತಮ್ಮ ದೊರೆಯೇ ದೊಡ್ಡವನೆಂದು ವಾದಿಸಿದಾಗ, ಸೊಪಾಟ್ರಸ್ ಇಬ್ಬರ ನಾಣ್ಯಗಳನ್ನೂ ತರಿಸಿ ಹೋಲಿಸಿ ನೋಡಿರೆಂದ. ರೋಮಿನ ಚಿನ್ನವನ್ನೂ ಪರ್ಷಿಯದ ಬೆಳ್ಳಿಯನ್ನೂ ನೋಡಿದ ಅರಸ ರೋಮಿನ ಪರವಾಗಿ ತೀರ್ಪಿತ್ತು ಅವನನ್ನು ಆನೆಯ ಮೇಲೆ ಮೆರೆಸಿದ.

ಎರಡೂ ಕಥೆಗಳನ್ನು ಹೇಳಿದವರು ರೋಮನ್ ಜಗತ್ತಿನವರು, ಎರಡರಲ್ಲಿಯೂ ಗೆಲ್ಲುವುದು ರೋಮ್. ನೆಲದೊಳಗಿಂದ ಬಂದ ಸಾಕ್ಷ್ಯ ಹೇಳುವ ಮಾತು ಬೇರೆ. ಇಲ್ಲಿ ನಮ್ಮ ಊರಿನ ಒಂದು ಉದಾಹರಣೆಯನ್ನು ಮಧ್ಯೆ ತರುತ್ತೇನೆ. ಬೆಂಗಳೂರಿನ ಯಶವಂತಪುರದಲ್ಲಿ 19ನೇ ಶತಮಾನದ ಕೊನೆಗೆ ಸಿಕ್ಕ ರೋಮನ್ ನಾಣ್ಯಗಳೂ ಚಿತ್ರದುರ್ಗದ ಚಂದ್ರವಳ್ಳಿಯಲ್ಲಿ ಸಿಕ್ಕವೂ ಆರಂಭಿಕ ಚಕ್ರವರ್ತಿಗಳ ಕಾಲದ ಒಳ್ಳೆಯ ಬೆಳ್ಳಿಯ ದಿನಾರಿಯಸ್‌ಗಳು. ಶ್ರೀಲಂಕಾದಲ್ಲಿ ಅಂಥ ಬೆಳ್ಳಿ, ಚಿನ್ನ ವಿರಳ. ಅಲ್ಲಿ ರಾಶಿರಾಶಿಯಾಗಿ ಸಿಕ್ಕಿರುವುದು ನಾಲ್ಕನೇ ಶತಮಾನ ಮತ್ತು ಐದನೇ ಶತಮಾನದ ಸಣ್ಣ ಕಂಚಿನ ನಾಣ್ಯಗಳು: ಕಾನ್‌ಸ್ಟಂಟೈನನ ಕುಲದವರದು, ಥಿಯೊಡೋಸಿಯಸನದು, ಅವನ ಮಕ್ಕಳದು. ರೋಮಿನಲ್ಲಿಯೇ ಅವು ತೀರಾ ಕೆಳಗಿನ ಚಿಲ್ಲರೆ. ಎಷ್ಟೋ ತುಂಡುಗಳ ಮೇಲಿನ ತಲೆ ಯಾರದೆಂದು ಗುರುತು ಹಿಡಿಯಲಾಗದಷ್ಟು ಸವೆದಿದೆ. ಪ್ಲಿನಿ ಹೇಳುವ ಹಾಗೆ ತೂಕದ ನಿಖರತೆಗೆ ಮೆಚ್ಚಿ ಪಡೆದ ನಾಣ್ಯಗಳಂತೂ ಇವಲ್ಲ.

ಹಾಗಾದರೆ ಅವು ಅಷ್ಟೊಂದು ಸಂಖ್ಯೆಯಲ್ಲಿ ಏಕೆ ಬಂದವು? ದ್ವೀಪದ ಪೇಟೆಗಳಿಗೆ, ಬಂದರುಗಳಿಗೆ ದಿನನಿತ್ಯದ ಚಿಲ್ಲರೆ ಬೇಕಾಗಿತ್ತು. ಅದನ್ನು ಸಾಕಷ್ಟು ಪ್ರಮಾಣದಲ್ಲಿ ಒದಗಿಸುವ ಟಂಕಸಾಲೆ ಅರಸರ ಬಳಿ ಇರಲಿಲ್ಲ. ಹಡಗಿನಲ್ಲಿ ಅಗ್ಗವಾಗಿ ಬರುವ ಕಂಚು ಆ ಕೊರತೆಯನ್ನು ತುಂಬಿತು. ಇದು ನನ್ನ ಉತ್ತರ, ಮತ್ತು ಇದಕ್ಕೆ ಬಲವಾದ ಆಧಾರವೊಂದಿದೆ. ಅಸಲಿ ನಾಣ್ಯಗಳ ಜೊತೆಯಲ್ಲಿಯೇ ಅವುಗಳ ಅನುಕರಣೆಗಳು ಬಹು ದೊಡ್ಡ ಸಂಖ್ಯೆಯಲ್ಲಿ ಸಿಗುತ್ತವೆ. ಗಾತ್ರ ಇನ್ನೂ ಚಿಕ್ಕದು, ಚಕ್ರವರ್ತಿಯ ಮುಖ ನಾಲ್ಕಾರು ಗೆರೆಗಳಿಗೆ ಇಳಿದಿದೆ, ಅಕ್ಷರಗಳಿದ್ದ ಜಾಗದಲ್ಲಿ ಅರ್ಥವಿಲ್ಲದ ಗೀಟುಗಳಿವೆ. ಮೋಸ ಮಾಡಲು ಹೊರಟವನು ಇಷ್ಟು ಒರಟಾಗಿ ಮಾಡುವುದಿಲ್ಲ. ನೋಡಿದ ಕೂಡಲೇ ಅಸಲಿಯಲ್ಲವೆಂದು ತಿಳಿಯುವಂಥದ್ದನ್ನು ಕೊಡುವವನೂ ತಿಳಿದೇ ಕೊಟ್ಟ, ತೆಗೆದುಕೊಳ್ಳುವವನೂ ತಿಳಿದೇ ತೆಗೆದುಕೊಂಡ. ಆದ್ದರಿಂದ ಇವನ್ನು ಖೋಟಾ ನಾಣ್ಯಗಳೆಂದು ಕರೆಯುವುದು ನನಗೆ ಒಪ್ಪಿಗೆಯಿಲ್ಲ. ಸಿಗಿರಿಯ ಬೆಟ್ಟದ ಮೇಲೆ ಕಾಶ್ಯಪ ಅರಮನೆ ಕಟ್ಟಿಸಿದ ಐದನೇ ಶತಮಾನದಲ್ಲಿ, ಅಂಥ ವೈಭವದ ಕಾಲದಲ್ಲಿ, ಪೇಟೆಯಲ್ಲಿ ನಡೆಯುತ್ತಿದ್ದ ಚಿಲ್ಲರೆಯ ಮೇಲೆ ಆ ಅರಸನ ಹೆಸರಿರಲಿಲ್ಲ. ಸಾವಿರಾರು ಮೈಲಿ ದೂರದ, ಆಗಲೇ ಸತ್ತುಹೋಗಿದ್ದ ಚಕ್ರವರ್ತಿಗಳ ನೆರಳಿನಂಥ ಮುಖಗಳಿದ್ದವು. ಆ ತುಂಡುಗಳಿಗೆ ಬೆಲೆ ಕೊಟ್ಟದ್ದು ಪೇಟೆಯ ಒಪ್ಪಂದ ಮಾತ್ರ.

ನಾಣ್ಯಗಳಿಂದ ಕ್ಷಣಕಾಲ ಆಚೆ ಸರಿದು ಒಂದು ಶಾಸನವನ್ನು ನೋಡೋಣ, ಏಕೆಂದರೆ ನಾಣ್ಯಗಳನ್ನೇ ನೋಡುತ್ತಿದ್ದರೆ ಅವು ಎಲ್ಲೆಡೆಯೂ ಇದ್ದವೆಂಬ ಭ್ರಮೆ ಹುಟ್ಟುತ್ತದೆ. ನಾಲ್ಕನೇ ಶತಮಾನದ ತೋಣಿಗಲ ಬಂಡೆಶಾಸನದಲ್ಲಿ ದಾನಿಯೊಬ್ಬ ವಿಹಾರದ ಭಿಕ್ಷುಗಳ ಮಳೆಗಾಲದ ಊಟಕ್ಕೆಂದು ಒಂದು ವರ್ತಕ ಸಂಘದಲ್ಲಿ ಠೇವಣಿಯಿಡುತ್ತಾನೆ; ಅಸಲನ್ನು ಮುಟ್ಟದೆ ಬಡ್ಡಿಯಿಂದ ಮಾತ್ರ ಖರ್ಚು ನಡೆಸಬೇಕೆಂಬುದು ಷರತ್ತು. ಇಂದಿನ ದತ್ತಿನಿಧಿಯ ಎಲ್ಲ ಲಕ್ಷಣಗಳೂ ಅದರಲ್ಲಿವೆ. ಆದರೆ ಆ ಠೇವಣಿ ನಾಣ್ಯವಲ್ಲ. ಭತ್ತ, ಉದ್ದು, ಹೆಸರು. ಬಡ್ಡಿಯೂ ಧಾನ್ಯವೇ. ಬಂದರಿನಿಂದ ಒಳನಾಡಿಗೆ ಹೋದಷ್ಟೂ ಲೆಕ್ಕ ನಾಣ್ಯದಿಂದ ಧಾನ್ಯಕ್ಕೆ ತಿರುಗುತ್ತಿತ್ತು. ಕೆರೆ ನೀರಾವರಿಯ ಆ ರಾಜ್ಯ ಅಷ್ಟು ಕಡಿಮೆ ನಾಣ್ಯದಲ್ಲಿ ಹೇಗೆ ನಡೆಯಿತೆಂಬುದಕ್ಕೆ ಇದೊಂದು ವಿವರಣೆ.

ಸ್ವಂತ ಚಿನ್ನದ ನಾಣ್ಯ ನಮಗೆ ಸ್ಪಷ್ಟವಾಗಿ ಕಾಣುವುದು ಅನುರಾಧಪುರ ಕಾಲದ ಕೊನೆಯ ಭಾಗದಲ್ಲಿ. ಅದರ ಹೆಸರು ಕಹವಣು. ಕಹವಣುವಿನ ಅರ್ಧ, ಕಾಲು, ಅರೆಕಾಲು ಭಾಗದ ನಾಣ್ಯಗಳೂ ಇದ್ದವು. ಅರೆಕಾಲು ಭಾಗದ್ದಕ್ಕೆ ಅಕ ಎಂದು ಹೆಸರು. ಒಂದು ಬದಿಗೆ ನಿಂತ ಪುರುಷ, ಇನ್ನೊಂದು ಬದಿಗೆ ಕುಳಿತ ಪುರುಷ, ನಾಗರಿ ಲಿಪಿಯಲ್ಲಿ ‘ಶ್ರೀ ಲಂಕೇಶ್ವರ’ ಅಥವಾ ‘ಲಂಕಾವಿಭು’ ಎಂಬ ಬಿರುದು. ಇಲ್ಲಿ ಅರಸನಿದ್ದಾನೆ, ಆದರೆ ಯಾವ ಅರಸ ಎಂಬುದಿಲ್ಲ. ಹೊಣೆ ವ್ಯಕ್ತಿಯದಲ್ಲ, ಸಿಂಹಾಸನದ್ದು.

993ರ ಸುಮಾರಿಗೆ ಚೋಳ ರಾಜರಾಜನ ಸೈನ್ಯ ದ್ವೀಪದ ಉತ್ತರ ಭಾಗವನ್ನು ಹಿಡಿಯಿತು. ರಾಜಧಾನಿ ಅನುರಾಧಪುರದಿಂದ ಪೊಲೊನ್ನರುವಕ್ಕೆ ಸರಿಯಿತು. ಆಗ ನಾಣ್ಯದ ಮಟ್ಟಿಗೆ ನಡೆದದ್ದು ಒಂದು ಸ್ವಾರಸ್ಯಕರ ಕೊಡುಕೊಳ್ಳುವಿಕೆ. ನಿಂತ ಪುರುಷ, ಕುಳಿತ ಪುರುಷರ ವಿನ್ಯಾಸವನ್ನು ಚೋಳರು ಲಂಕೆಯ ಚಿನ್ನದ ನಾಣ್ಯದಿಂದಲೇ ತೆಗೆದುಕೊಂಡರೆಂಬುದು ಹಲವು ನಾಣ್ಯತಜ್ಞರ ಅಭಿಪ್ರಾಯ, ನನಗೂ ಅದೇ ಸರಿಯೆನಿಸುತ್ತದೆ. ಅವರು ಅದಕ್ಕೆ ‘ಶ್ರೀ ರಾಜರಾಜ’ ಎಂಬ ಹೆಸರು ಸೇರಿಸಿ ತಾಮ್ರದಲ್ಲಿ ಅಪಾರ ಸಂಖ್ಯೆಯಲ್ಲಿ ಟಂಕಿಸಿದರು. 1070ರಲ್ಲಿ ಚೋಳರನ್ನು ಹೊರಹಾಕಿದ ಮೊದಲನೆಯ ವಿಜಯಬಾಹುವಿನ ನಂತರ ಬಂದ ಸಿಂಹಳ ಅರಸರು ಆ ವಿನ್ಯಾಸವನ್ನು ಕೈಬಿಡಲಿಲ್ಲ. ಅದೇ ಎರಡು ಒರಟು ಆಕೃತಿಗಳ ಪಕ್ಕದಲ್ಲಿ ತಮ್ಮ ಹೆಸರುಗಳನ್ನು ನಾಗರಿಯಲ್ಲಿ ಬರೆಸಿದರು. ಇದೇ ಮಸ್ಸ ಎಂಬ ತಾಮ್ರದ ನಾಣ್ಯ. ದಂಬದೆಣಿ ಕಾಸಿ ಎಂಬ ಹೆಸರಿನಲ್ಲಿ ಜನಸಾಮಾನ್ಯರು ಇದನ್ನು ಮುಂದಿನ ಕಾಲದಲ್ಲಿಯೂ ಗುರುತಿಸುತ್ತ ಬಂದರು.

ದ್ವೀಪದ ಚರಿತ್ರೆಯಲ್ಲಿ ನಾಣ್ಯಕ್ಕೆ ಅರಸನೇ ಹೆಸರು ಹಿಡಿದು ಹೊಣೆ ನಿಂತ ಕಾಲವೆಂದರೆ ಮುಖ್ಯವಾಗಿ ಇದು: ಮಹಾಪರಾಕ್ರಮಬಾಹು, ನಿಶ್ಶಂಕಮಲ್ಲ, ಚೋಡಗಂಗ, ಸಾಹಸಮಲ್ಲ, ಧರ್ಮಾಶೋಕದೇವ, ಭುವನೈಕಬಾಹು. ಈ ಸಾಲಿನಲ್ಲಿ ಲೀಲಾವತಿಯ ನಾಣ್ಯದ ಬಳಿ ನಾವು ನಿಲ್ಲಬೇಕು. ಆಕೆ ಪರಾಕ್ರಮಬಾಹುವಿನ ರಾಣಿ. 1197ರಿಂದ 1212ರ ನಡುವೆ ಮೂರು ಬಾರಿ ಪಟ್ಟವೇರಿದಳು, ಮೂರು ಬಾರಿಯೂ ಪಟ್ಟ ಕಳೆದುಕೊಂಡಳು; ಸೇನಾಪತಿಗಳೂ ಹೊರಗಿನಿಂದ ಬಂದ ದಂಡಿನವರೂ ಅರಸರನ್ನು ಕೂರಿಸಿ ಇಳಿಸುತ್ತಿದ್ದ ಕಾಲವದು. ಆಕೆಯ ನಾಣ್ಯದ ಮೇಲೆ ‘ಶ್ರೀ ರಾಜ ಲೀಲಾವತಿ’ ಎಂದಿದೆ. ಪಕ್ಕದಲ್ಲಿರುವ ಆಕೃತಿಗಳು ಹಿಂದಿನವರ ನಾಣ್ಯಗಳಲ್ಲಿದ್ದ ಪುರುಷಾಕೃತಿಗಳೇ. ಪೇಟೆಗೆ ಪರಿಚಯವಿದ್ದ ಚಿತ್ರವನ್ನು ಕೆಡಿಸದೆ ಹೆಸರನ್ನಷ್ಟೇ ಬದಲಿಸುವ ಎಚ್ಚರ ಇದರಲ್ಲಿದೆ ಎಂದು ನಾನು ಓದುತ್ತೇನೆ. ಸಿಂಹಾಸನ ಅಲುಗಾಡುತ್ತಿದ್ದಾಗಲೂ ಚಿಲ್ಲರೆ ಅಲುಗಾಡಬಾರದೆಂದು ಟಂಕಸಾಲೆಯಲ್ಲಿ ಯಾರೋ ಬಲ್ಲವರಿದ್ದರು.

ಇದೇ ಚಿತ್ರದ ಹೊರಗಿನ ಅಂಚುಗಳನ್ನು ಬೇಗ ಹೇಳಿ ಮುಗಿಸುತ್ತೇನೆ. ಉತ್ತರದ ಯಾಪಾಣದಲ್ಲಿ, ಎಂದರೆ ಇಂದಿನ ಜಾಫ್ನಾದಲ್ಲಿ, ಆರ್ಯಚಕ್ರವರ್ತಿಗಳು ಮಲಗಿದ ನಂದಿಯನ್ನೂ ತಮಿಳು ಲಿಪಿಯಲ್ಲಿ ‘ಸೇತು’ ಎಂಬ ಬರಹವನ್ನೂ ಇಟ್ಟು ನಾಣ್ಯ ಹೊರಡಿಸಿದರು. ಯಾಪಹುವದ ಕೋಟೆಯಲ್ಲಿ ಚೀನದ ಸುಂಗ್ ವಂಶದ ನಾಣ್ಯಗಳು ಸಿಕ್ಕಿವೆ. ಕೋಟ್ಟೆ ಎಂಬ ರಾಜ್ಯವನ್ನಾಳಿದ ಆರನೆಯ ಪರಾಕ್ರಮಬಾಹುವಿನ ನಾಣ್ಯಗಳ ಮೇಲೆ ಸಿಂಹ ಬರುತ್ತದೆ. ಆ ಹೊತ್ತಿಗೆ ಸಣ್ಣ ಗಾತ್ರದ ಪಣಂ ಇಡೀ ದಕ್ಷಿಣ ಭಾರತದ ಹಾಗೆ ದ್ವೀಪದಲ್ಲಿಯೂ ಲೆಕ್ಕದ ಮೂಲವಾಗಿತ್ತು.

ಹದಿನಾರನೇ ಶತಮಾನದ ಆರಂಭದಲ್ಲಿ ಪೋರ್ಚುಗೀಸರು ಬಂದ ನಂತರ ಕರಾವಳಿ ಅವರದಾಯಿತು, ಬೆಟ್ಟಗಳ ನಡುವಿನ ಕ್ಯಾಂಡಿ ರಾಜ್ಯ ಸ್ವತಂತ್ರವಾಗಿ ಉಳಿಯಿತು. ಕ್ಯಾಂಡಿಯ ಹಣದ ಬಗ್ಗೆ ನಮಗಿರುವ ಅತ್ಯುತ್ತಮ ಸಾಕ್ಷಿ ರಾಬರ್ಟ್ ನಾಕ್ಸ್. 1660ರಲ್ಲಿ ಸೆರೆಸಿಕ್ಕು 1679ರಲ್ಲಿ ತಪ್ಪಿಸಿಕೊಳ್ಳುವವರೆಗೆ ಅಲ್ಲಿಯೇ ಬದುಕಿ, ಹಳ್ಳಿಗಳಲ್ಲಿ ಸ್ವತಃ ವ್ಯಾಪಾರ ಮಾಡಿದ ಇಂಗ್ಲಿಷ್ ನಾವಿಕ. ಅವನು ಮೂರು ಬಗೆಯ ಹಣವನ್ನು ವರ್ಣಿಸುತ್ತಾನೆ. ಒಂದು, ಪೋರ್ಚುಗೀಸರು ಹೊಡೆಸಿದ ತಂಗ. ಇನ್ನೊಂದು, ಅರಸನ ಸ್ವಂತದ್ದಾದ ಪಣಂ; ಅದು ಬಟ್ಟೆಗೆ ಹೊಲಿಯುವ ಚಮಕಿಯಷ್ಟು ಚಿಕ್ಕದು, ಸ್ಪೇನಿನ ಒಂದು ಬೆಳ್ಳಿ ಡಾಲರಿಗೆ 75 ಪಣಂ, ಬೇರೆಯವರು ಅದನ್ನು ಮಾಡಿದರೆ ಮರಣದಂಡನೆ. ಮತ್ತೊಂದು ನಾನು ವಿವರವಾಗಿ ಹೇಳಬೇಕೆಂದಿರುವ ರಿದಿ.

ರಿದಿ ಎಂದರೆ ಮೀನಿನ ಗಾಳದ ಆಕಾರಕ್ಕೆ ಬಗ್ಗಿಸಿದ ಬೆಳ್ಳಿಯ ತಂತಿ. ಮೂಲದಲ್ಲಿ ಇದು ಪರ್ಷಿಯದ ಲಾರ್ ಪಟ್ಟಣದ ಹೆಸರು ಹೊತ್ತ ಲಾರಿ. ತಂತಿಯನ್ನು ಮಡಿಸಿ ಅದರ ಮೇಲೆ ಅಚ್ಚೊತ್ತಿದ ನಾಣ್ಯ. ಕೊಲ್ಲಿಯಿಂದ ಮಾಲ್ಡೀವ್ಸ್‌ವರೆಗೆ, ಗುಜರಾತಿನಿಂದ ಲಂಕೆಯವರೆಗೆ ಕಡಲ ವ್ಯಾಪಾರಿಗಳು ಅದನ್ನು ಬಳಸುತ್ತಿದ್ದರು. ಲಂಕೆಯಲ್ಲಿ ಅದು ಗಾಳದ ಹಾಗೆ ಬಾಗಿ, ಅಲ್ಲಿಯದೇ ಆದ ರೂಪ ಪಡೆಯಿತು. ನಾಕ್ಸ್ ಹೇಳುವ ಪ್ರಕಾರ ಅರಸನ ಒಪ್ಪಿಗೆಯಿಂದ ಯಾರು ಬೇಕಾದರೂ ಇದನ್ನು ಮಾಡಬಹುದಿತ್ತು, ಮೇಲೆ ಬೇಕಾದ ಗುರುತು ಒತ್ತಬಹುದಿತ್ತು. ಬೆಳ್ಳಿಯ ಶುದ್ಧತೆಯ ಮೇಲೆ ಅನುಮಾನ ಬಂದರೆ ನಾಣ್ಯವನ್ನು ಬೆಂಕಿಯಲ್ಲಿ ಕೆಂಪಗೆ ಕಾಯಿಸಿ ನೀರಿಗೆ ಹಾಕುತ್ತಿದ್ದರು. ಅಚ್ಚ ಬಿಳುಪಾಗಿ ಹೊರಬರದಿದ್ದರೆ ಅದು ಚಲಾವಣೆಗೆ ಸಲ್ಲದು. ಅರಸನ ಮುದ್ರೆಯಿಲ್ಲ, ಸಂಘದ ಗುರುತಿಲ್ಲ. ಎರಡು ಕೈಗಳ ನಡುವೆ ಇದ್ದದ್ದು ಬೆಂಕಿ ಮತ್ತು ನೀರು. ನಾಣ್ಯ ಹೊಡೆಯುವ ಅಧಿಕಾರವನ್ನು ರಾಜತ್ವದ ಮೊದಲ ಲಕ್ಷಣವೆಂದು ಹೇಳುವ ಪಠ್ಯಪುಸ್ತಕಗಳ ಮುಂದೆ ನಾನು ಈ ಬಾಗಿದ ತಂತಿಯನ್ನು ಇಡಬಯಸುತ್ತೇನೆ. ಕ್ಯಾಂಡಿಯ ಅರಸ ದುರ್ಬಲನಾಗಿರಲಿಲ್ಲ. ಎರಡನೆಯ ರಾಜಸಿಂಹ ಪೋರ್ಚುಗೀಸರನ್ನು ಸೋಲಿಸಿದವನು, ಡಚ್ಚರನ್ನು ದಶಕಗಳ ಕಾಲ ಕಾಡಿದವನು. ಅವನ ಬಲ ನಿಂತದ್ದು ಭೂಮಿಗೆ ಬದಲಾಗಿ ಪ್ರಜೆಗಳು ಸಲ್ಲಿಸುವ ರಾಜಕಾರಿಯ ಎಂಬ ಸೇವೆಯ ಮೇಲೆ. ಆನೆ ಹಿಡಿಯುವುದು, ರಸ್ತೆ ಕಟ್ಟುವುದು, ಯುದ್ಧಕ್ಕೆ ಹೋಗುವುದು ಎಲ್ಲವೂ ಸೇವೆಯಾಗಿ ಬರುತ್ತಿದ್ದಾಗ ಚಿಲ್ಲರೆ ಹಣದ ಮೇಲೆ ಹಿಡಿತ ಸಾಧಿಸುವ ಅಗತ್ಯ ಅವನಿಗೆ ಬೀಳಲಿಲ್ಲ. ಹಣವೆಲ್ಲವೂ ವಿರಳ, ಜನ ಸಾಮಾನುಗಳನ್ನೇ ಬದಲಾಯಿಸಿಕೊಳ್ಳುತ್ತಾರೆ ಎಂದು ನಾಕ್ಸ್ ಕೂಡ ಬರೆದಿದ್ದಾನೆ.

1656ರಲ್ಲಿ ಕೊಲಂಬೊ ಡಚ್ ಕಂಪನಿಯ ಪಾಲಾಯಿತು. ಪೋರ್ಚುಗೀಸರ ತಂಗಗಳ ಮೇಲೆಯೇ ಕಂಪನಿ ತನ್ನ ಡಚ್ ಹೆಸರಿನ ಮೊದಲಕ್ಷರಗಳಾದ ವಿಒಸಿ ಮುದ್ರೆಯನ್ನು ಒತ್ತಿ ಚಲಾವಣೆಗೆ ಬಿಟ್ಟಿತು. ಶತ್ರುವಿನ ಬೆಳ್ಳಿಗೆ ತನ್ನ ಹೊಣೆ. ಹದಿನೆಂಟನೇ ಶತಮಾನದ ಕೊನೆಯಲ್ಲಿ ಸ್ಟೈವರ್ ಎಂಬ ಡಚ್ ಚಿಲ್ಲರೆಯ ತಾಮ್ರದ ನಾಣ್ಯಗಳನ್ನು ದ್ವೀಪದಲ್ಲಿಯೇ ಹೊಡೆಸಿದರು. ಅವುಗಳ ಮೇಲಿನ ಒಂದೊಂದು ಅಕ್ಷರ ಕೊಲಂಬೊ, ಗಾಲೆ, ಯಾಪಾಣ, ತ್ರಿಂಕೋಮಲಿಗಳನ್ನು ಸೂಚಿಸುತ್ತದೆ. 1785ರಲ್ಲಿ ತಾಮ್ರದ ಸರಳನ್ನು ತುಂಡರಿಸಿ, ಅದರ ಮೇಲೆ ನಾಲ್ಕೂಮುಕ್ಕಾಲು ಸ್ಟೈವರ್ ಎಂದು ಅಚ್ಚೊತ್ತಿದ್ದೂ ಉಂಟು.

ಬ್ರಿಟಿಷರು 1796ರಲ್ಲಿ ಕರಾವಳಿಯನ್ನು ಹಿಡಿದಾಗ ಡಚ್ಚರ ಲೆಕ್ಕವನ್ನೇ ಮುಂದುವರಿಸಿದರು: ಒಂದು ರಿಕ್ಸ್‌ಡಾಲರಿಗೆ 12 ಪಣಂ, 48 ಸ್ಟೈವರ್. ಈ ಕಾಲದ ನಾಣ್ಯಗಳ ಮೇಲಿರುವ ಆನೆಯನ್ನು ನಿಮ್ಮಲ್ಲಿ ಸಂಗ್ರಹಕಾರರು ನೋಡಿಯೇ ಇರುತ್ತೀರಿ. ಆದರೆ ಕಾಗದದ ರಿಕ್ಸ್‌ಡಾಲರನ್ನು ಮಿತಿಮೀರಿ ಹೊರಡಿಸಿದ್ದರಿಂದ ಅದರ ಬೆಲೆ ಕುಸಿಯಿತು. 1825ರಲ್ಲಿ ಸರ್ಕಾರ ಪೌಂಡು, ಶಿಲ್ಲಿಂಗುಗಳ ಲೆಕ್ಕವನ್ನು ಜಾರಿಗೆ ತಂದು, ರಿಕ್ಸ್‌ಡಾಲರಿಗೆ ಒಂದೂವರೆ ಶಿಲ್ಲಿಂಗ್, ಎಂದರೆ 18 ಪೆನ್ಸ್ ಎಂದು ನಿಗದಿಪಡಿಸಿತು. 18 ಪೆನ್ಸನ್ನು 12 ಪಣಂಗಳಿಗೆ ಹಂಚಿದರೆ ಒಂದು ಪಣಂಗೆ ಒಂದೂವರೆ ಪೆನ್ನಿ. 1834ರಿಂದ ಲಂಡನ್ನಿನ ಟಂಕಸಾಲೆ ಲಂಕೆಗೂ ವೆಸ್ಟ್ ಇಂಡೀಸಿಗೂ ಒಂದೂವರೆ ಪೆನ್ನಿಯ ಬೆಳ್ಳಿ ನಾಣ್ಯವನ್ನು ಹೊಡೆಯಿತು. ಅದರ ಮೇಲೆ ಬ್ರಿಟನ್ನಿನ ದೊರೆಯ ತಲೆಯಿದ್ದರೂ ಲಂಕೆಯ ಪೇಟೆಯ ಲೆಕ್ಕದಲ್ಲಿ ಅದು ಪಣವೇ. ಫಾರ್ದಿಂಗ್ ಎಂದರೆ ಕಾಲು ಪೆನ್ನಿ; ಹಾಗೆಯೇ ಅರ್ಧ ಫಾರ್ದಿಂಗ್, ಕಾಲು ಫಾರ್ದಿಂಗ್ ಎಂಬ ಅತಿ ಸಣ್ಣ ತಾಮ್ರದ ನಾಣ್ಯಗಳನ್ನು ಲಂಕೆಗಾಗಿಯೇ ಮಾಡಬೇಕಾಯಿತು. ಇಂಗ್ಲೆಂಡಿನ ಚಿಲ್ಲರೆ ಇಲ್ಲಿಯ ಬಡವನ ಕೊಳ್ಳುವಿಕೆಗೆ ತೀರಾ ದೊಡ್ಡದಾಗಿತ್ತು.

ಶಿಲ್ಲಿಂಗಿನ ಲೆಕ್ಕವನ್ನು ಸೋಲಿಸಿದ್ದು ಕಾಫಿ. ಬೆಟ್ಟಗಳಲ್ಲಿ ಕಾಫಿ ತೋಟಗಳು ಎದ್ದ ಮೇಲೆ ತಮಿಳುನಾಡಿನಿಂದ ಕೂಲಿಕಾರರು ಗುಂಪುಗುಂಪಾಗಿ ಬಂದರು. ಅವರು ಉಣ್ಣುವ ಅಕ್ಕಿಯೂ ಭಾರತದಿಂದಲೇ ಬರಬೇಕಾಗಿತ್ತು. ಅಕ್ಕಿಗೆ ಕೊಡುವುದೂ ರೂಪಾಯಿ, ಕೂಲಿಕಾರ ಊರಿಗೆ ಒಯ್ಯಬಯಸಿದ್ದೂ ರೂಪಾಯಿ. ಕಚೇರಿಯ ಪುಸ್ತಕಗಳು ಪೌಂಡಿನಲ್ಲಿದ್ದಾಗ ತೋಟದ ಕೂಲಿ ಭಾರತದ ಬೆಳ್ಳಿಯಲ್ಲಿ ನಡೆಯಿತು. 1869ರಲ್ಲಿ ಸರ್ಕಾರ ಭಾರತದ ರೂಪಾಯಿಯನ್ನು ಪೂರ್ಣ ಪ್ರಮಾಣದ ಕಾನೂನುಬದ್ಧ ಹಣವೆಂದು ಒಪ್ಪಿತು. 1872ರ ಆರಂಭದಿಂದ ರೂಪಾಯಿಯನ್ನು 100 ಸೆಂಟುಗಳಾಗಿ ಭಾಗಿಸಿತು. ಭಾರತದಲ್ಲಿ ಆಣೆ, ಪೈಗಳು ಹೋಗಿ ದಶಮಾಂಶ ಪದ್ಧತಿ ಬಂದದ್ದು 1957ರಲ್ಲಿ ಎಂಬುದನ್ನು ನೆನೆದರೆ, ಅದೇ ರೂಪಾಯಿ ಪಾಕ್ ಜಲಸಂಧಿಯ ಆಚೆ ಎಂಬತ್ತೈದು ವರ್ಷ ಮೊದಲೇ ನೂರು ಭಾಗವಾಗಿತ್ತು. 1870ರ ಇಸವಿ ಹೊತ್ತ ಆ ತಾಮ್ರದ ಸೆಂಟುಗಳ ಮೇಲೆ ತಾಳೆಯ ಮರವಿದೆ, ಬೆಲೆ ಸಿಂಹಳದಲ್ಲಿಯೂ ತಮಿಳಿನಲ್ಲಿಯೂ ಇದೆ.

ಹೊಣೆಯ ಪ್ರಶ್ನೆ ತೀವ್ರವಾಗಿ ಎದ್ದದ್ದು 1884ರಲ್ಲಿ. ಆಗ ನೋಟುಗಳನ್ನು ಹೊರಡಿಸುತ್ತಿದ್ದವು ಖಾಸಗಿ ಬ್ಯಾಂಕುಗಳು, ಅವುಗಳಲ್ಲಿ ದೊಡ್ಡದು ಓರಿಯೆಂಟಲ್ ಬ್ಯಾಂಕ್ ಕಾರ್ಪೊರೇಷನ್. 1869ರಲ್ಲಿ ಕಾಣಿಸಿಕೊಂಡ ಎಲೆ ತುಕ್ಕು ರೋಗ ಹದಿನೈದು ವರ್ಷಗಳಲ್ಲಿ ಕಾಫಿ ತೋಟಗಳನ್ನು ನೆಲಕಚ್ಚಿಸಿತ್ತು, ತೋಟಗಳಿಗೆ ಸಾಲ ಕೊಟ್ಟಿದ್ದ ಬ್ಯಾಂಕು 1884ರ ಮೇ ತಿಂಗಳಲ್ಲಿ ಪಾವತಿ ನಿಲ್ಲಿಸಿತು. ಜನರ ಕೈಯಲ್ಲಿದ್ದ ನೋಟು ಒಂದೇ ದಿನದಲ್ಲಿ ಬರಿಯ ಕಾಗದವಾಗುವುದರಲ್ಲಿತ್ತು. ಗವರ್ನರ್ ಆರ್ಥರ್ ಗಾರ್ಡನ್ ಆ ಬ್ಯಾಂಕಿನ ನೋಟುಗಳಿಗೆ ಸರ್ಕಾರವೇ ಜಾಮೀನು ಎಂದು ಘೋಷಿಸಿದ. ನೋಟು ಅಚ್ಚು ಹಾಕಿಸಿದವರು ಒಬ್ಬರು, ಅದರ ಮಾತನ್ನು ಉಳಿಸಿದವರು ಇನ್ನೊಬ್ಬರು. ಅದೇ ವರ್ಷ ಕಾಗದದ ಹಣದ ಕಾನೂನು ಬಂದು, 1885ರಿಂದ ನೋಟು ಹೊರಡಿಸುವ ಅಧಿಕಾರ ಸರ್ಕಾರದ ಕರೆನ್ಸಿ ಮಂಡಳಿಯದಾಯಿತು.

ಆ ಮಂಡಳಿ ಸಹ ಸ್ವತಂತ್ರವಾಗಿ ನಿರ್ಧರಿಸುವ ಸಂಸ್ಥೆಯಾಗಿರಲಿಲ್ಲ. ಲಂಕೆಯ ರೂಪಾಯಿ ಭಾರತದ ರೂಪಾಯಿಗೆ ಸಮಸಮ ಕಟ್ಟಿಹಾಕಿದ್ದಾಗಿತ್ತು, ಹಿಂದಿನ ಆಧಾರವೂ ಹೊರಗಿನದೇ. ಸ್ವಾತಂತ್ರ್ಯದ ನಂತರ 1949ರ ಹಣಕಾಸು ಕಾನೂನಿನ ಪ್ರಕಾರ ಸ್ಥಾಪನೆಯಾದ ಕೇಂದ್ರ ಬ್ಯಾಂಕು 1950ರ ಆಗಸ್ಟ್ 28ರಂದು ಬಾಗಿಲು ತೆರೆಯಿತು. ಅಮೆರಿಕದ ಜಾನ್ ಎಕ್ಸ್ಟರ್ ಅದರ ಮೊದಲ ಗವರ್ನರ್. ಆ ಕಾನೂನು ರೂಪಾಯಿಯ ಬೆಲೆಯನ್ನು 2.88 ಗ್ರೇನ್ ಶುದ್ಧ ಚಿನ್ನವೆಂದು ವಿಧಿಸಿತು. ಅದು ಆಗಿನ ಭಾರತದ ರೂಪಾಯಿಯ ಬೆಲೆಯೇ ಆಗಿದ್ದರಿಂದ ಪೇಟೆಯಲ್ಲಿ ಆ ದಿನ ಏನೂ ಬದಲಾದಂತೆ ಕಾಣಲಿಲ್ಲ. ಬದಲಾದದ್ದು ಆ ಬೆಲೆಗೆ ಉತ್ತರ ಹೇಳಬೇಕಾದವರು. ಮುಖಗಳು ಇನ್ನೂ ಸ್ವಲ್ಪ ಕಾಲ ಉಳಿದವು. ಆರನೆಯ ಜಾರ್ಜನ ನಂತರ ಎರಡು ಸೆಂಟಿನ ಮೇಲೆ ಎರಡನೆಯ ಎಲಿಜಬೆತ್ ಬಂದಳು. 1963ರ ಸರಣಿಯಲ್ಲಿ ಆ ತಲೆಯನ್ನು ತೆಗೆದು ದೇಶದ ಲಾಂಛನವನ್ನು ಅಲ್ಲಿರಿಸಲಾಯಿತು.